ಬೀಗದವರ ಶರ್ಟಿನ ಗುಂಡಿಗಳು

ಜೂನ್ ೧೨, ಬುಧವಾರ

ಮುದ್ದಿನ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಕಾಗದ ತಡವಾಯಿತೆಂದು ಮುನಿಸಿಕೊಳ್ಳಬೇಡ. ಶಾಲೆಯ ಸಮವಸ್ತ್ರಗಳ ರಾಶಿ ಅಂಗಡಿಯ ಬಾಗಿಲವರೆಗೂ ಬಂದಿತ್ತು, ಹೊಲಿಗೆ ಮಷೀನಿನಿಂದ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀಯ. ಇದನ್ನು ಪೂರ್ತಿ ಓದಿ ಆಮೇಲೆ ಬೈಯಿ.

ಮೊದಲು ನಿನ್ನ ಆಪಿನ ವರದಿ. ಹೋದ ಸಲ ಬಂದಾಗ, ಅಪ್ಪ ಹೋಗಿ ಇಷ್ಟು ವರ್ಷವಾಯಿತು, ಇನ್ನೆಷ್ಟು ದಿನ ಒಬ್ಬಳೇ ಇರುತ್ತೀಯ ಎಂದು ನನ್ನ ಮೊಬೈಲ್ ಕಸಿದುಕೊಂಡು ಜೊತೆಗಾರರನ್ನು ಹುಡುಕುವ ಆಪ್ ಹಾಕಿಕೊಟ್ಟೆಯಲ್ಲ, ಅದೇ. ಬೇಡದವರ ಫೋಟೋವನ್ನು ಬೆರಳಿನಿಂದ ಎಡಕ್ಕೆ ತಳ್ಳು, ಬೇಕಾದವರದನ್ನು ಬಲಕ್ಕೆ ಅಂದಿದ್ದೆ. ಮುಖ ನೋಡಿಕೊಂಡು ತಳ್ಳುವುದು ಹೇಗೆ? ಪಾಪ ಅನ್ನಿಸಿ ಎಲ್ಲರನ್ನೂ ಬಲಕ್ಕೇ ತಳ್ಳಿದೆ. ಮಾರನೆಯ ದಿನ ಊರಿನ ಅರ್ಧ ಗಂಡಸರು ನನ್ನ ಊಟ ಆಯ್ತಾ ಎಂದು ವಿಚಾರಿಸುತ್ತಿದ್ದರು. ಒಬ್ಬರನ್ನು ಕಾಫಿಗೆ ಭೇಟಿಯೂ ಆದೆ, ನಿವೃತ್ತ ಬ್ಯಾಂಕ್ ಮ್ಯಾನೇಜರ್. ಫೋಟೋದಲ್ಲಿದ್ದ ಶರ್ಟನ್ನೇ ಹಾಕಿಕೊಂಡು ಬಂದಿದ್ದರು. ಹೊಟ್ಟೆಯ ಹತ್ತಿರದ ಗುಂಡಿ ಈಗಲೋ ಆಗಲೋ ಹಾರುವಂತಿತ್ತು. ಮಂಡಿನೋವಿನ ಕಥೆಯೆಲ್ಲ ಹೇಳಿ, ಕೊನೆಗೆ ಆ ಶರ್ಟನ್ನು ಸ್ವಲ್ಪ ಸಡಿಲ ಮಾಡಿಕೊಡುತ್ತೀರಾ ಎಂದು ಕೇಳಿದರು. ಮಾಡಿಕೊಟ್ಟೆ.

ಈಗ ನಿಜವಾದ ಸುದ್ದಿ. ನಮ್ಮ ಅಂಗಡಿಯ ಎದುರಿಗೆ ಬೀಗ ರಿಪೇರಿಯವರು ಇದ್ದಾರಲ್ಲ, ಹಣೆಯ ಮೇಲಿನ ಕನ್ನಡಕವನ್ನು ಮೇಜಿನ ಮೇಲೆ ಹುಡುಕುವವರು? ಕೆಲವು ತಿಂಗಳಿಂದ ಪ್ರತಿ ಮಂಗಳವಾರ ಒಂದು ಶರ್ಟು ತರುತ್ತಾರೆ, ಗುಂಡಿ ಬಿದ್ದುಹೋಯಿತು ಎಂದು. ಬಿದ್ದ ಗುಂಡಿ ಮಾತ್ರ ಜೇಬಿನಲ್ಲಿ ಭದ್ರ. ಊರಿನವರ ಬೀಗವನ್ನೆಲ್ಲ ಚಿಟಿಕೆ ಹೊಡೆಯುವುದರಲ್ಲಿ ತೆಗೆಯುವ ಮನುಷ್ಯ, ನನ್ನೆದುರು ಬಂದರೆ ಬಾಯಿಗೇ ಬೀಗ. ಹೊಲಿದು ಮುಗಿಸುವ ತನಕ ಸ್ಟೂಲಿನ ಮೇಲೆ ಕೂತು ಫ್ಯಾನ್ ನೋಡುತ್ತಾರೆ. ನನಗೆ ಮೊದಲ ವಾರವೇ ಗೊತ್ತಾಗಿತ್ತು. ಸವೆದು ಬಿದ್ದ ಗುಂಡಿಯ ದಾರ ಎಳೆಎಳೆಯಾಗಿರುತ್ತದೆ. ಇವರದು ನೀಟಾಗಿ ಕತ್ತರಿ ಹಾಕಿದ್ದು. ಗೊತ್ತಿದ್ದೂ ಸುಮ್ಮನಿದ್ದೆ. ಮಂಗಳವಾರ ತಲೆಯನ್ನು ಸ್ವಲ್ಪ ಜಾಸ್ತಿಯೇ ಬಾಚಿಕೊಳ್ಳುತ್ತಿದ್ದೆ.

ನಿನ್ನೆ ತಂದದ್ದು ಹೊಚ್ಚ ಹೊಸ ಶರ್ಟು. ಕಾಲರಿನ ಒಳಗಿನ ರಟ್ಟು ಕೂಡ ತೆಗೆದಿರಲಿಲ್ಲ, ಮೂರು ಗುಂಡಿ ಮಾತ್ರ ಬಿದ್ದುಹೋಗಿದ್ದವು! ನಗು ತಡೆಯಲಾಗಲಿಲ್ಲ. ಇವನ್ನು ಕಿತ್ತವರು ಯಾರು ಎಂದು ಕೇಳಿಯೇಬಿಟ್ಟೆ. ಕಿವಿಯವರೆಗೂ ಕೆಂಪಾದರು.

"ನಾನೇ. ಹಳೇ ಶರ್ಟೆಲ್ಲ ಮುಗಿದುಹೋದ್ವು. ಬೇರೆ ನೆಪ ಹೊಳೀಲಿಲ್ಲ," ಎಂದರು. ಆಮೇಲೆ ಫ್ಯಾನ್ ಬಿಟ್ಟು ನನ್ನನ್ನೇ ನೋಡಿದರು. "ಭಾನುವಾರ ಪಾರ್ಕಿನ ಕಡೆ ಸ್ವಲ್ಪ ನಡೆದು ಬರೋಣ ಅಂತ. ನಿಮಗೆ ಇಷ್ಟ ಇದ್ರೆ ಮಾತ್ರ. ಇಲ್ಲ ಅಂದ್ರೂ ಬೇಜಾರಿಲ್ಲ, ಗುಂಡಿ ಹಾಕಿಕೊಟ್ರೆ ಸಾಕು."

ಸೂಜಿ ಬೆರಳಿಗೆ ಚುಚ್ಚಿತು. ನೀನು ಏನೆನ್ನುತ್ತೀಯೋ, ಅಕ್ಕಪಕ್ಕದ ಅಂಗಡಿಯವರು ಏನೆನ್ನುತ್ತಾರೋ ಎಂದೆಲ್ಲ ತಲೆಗೆ ಬಂತು. ಮೂರೂ ಗುಂಡಿ ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿದು, ಶರ್ಟು ಮಡಚಿ ಅವರ ಕೈಗೆ ಕೊಟ್ಟೆ.

"ಭಾನುವಾರ ಇದನ್ನೇ ಹಾಕ್ಕೊಂಡು ಬನ್ನಿ," ಎಂದೆ. "ಇನ್ಮೇಲೆ ಗುಂಡಿಗೆ ಕತ್ತರಿ ತಾಗಿಸಿದ್ರೆ ನೋಡಿ."

ಇಳಿಯುವಾಗ ಮೆಟ್ಟಿಲು ತಪ್ಪಿದರು, ಪುಣ್ಯಕ್ಕೆ ಬೀಳಲಿಲ್ಲ.

ಆಪನ್ನು ಅಳಿಸುವುದು ಹೇಗೆಂದು ಬೇಗ ಹೇಳು. ಮ್ಯಾನೇಜರರು ಈಗ ಪ್ಯಾಂಟಿನ ಫೋಟೋ ಕಳಿಸುತ್ತಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಸುಖವಾಗಿರು ಮಗಳೇ.

ನಿನ್ನ
ಅಮ್ಮ

ವಿ.ಸೂ.: ಅವರು ಹೋದಮೇಲೆ ಬಾಗಿಲು ಮುಂದೆ ಮಾಡಿಕೊಂಡು ಅತ್ತುಬಿಟ್ಟೆ. ನಿಮ್ಮಪ್ಪ ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಮದುವೆಗೆ ಹಿರಿಯರು ಮನೆಯವರೆಲ್ಲರ ಒಪ್ಪಿಗೆ ಕೇಳಿದರು, ನನ್ನನ್ನು ಬಿಟ್ಟು. ಆಮೇಲೆ ನಿಮ್ಮಪ್ಪನೂ ನನ್ನ ಇಷ್ಟ ಏನೆಂದು ಕೇಳಲಿಲ್ಲ. "ನಿಮಗೆ ಇಷ್ಟ ಇದ್ರೆ" ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ನಿನ್ನೆಯೇ ಮೊದಲು. ಆ ಆಪ್ ಹಾಕುವಾಗ ನೀನೂ ಕೇಳಿರಲಿಲ್ಲ, ಪುಟ್ಟಿ.