ಮಗು ಯಾರ ಕೈಗೆ ಹೋಯಿತು, ಸ್ವಾಮಿ?

ಟೂರಿಂಗ್ ಟಾಕೀಸುಗಳ ಪರವಾನಗಿ ನೋಡುವ ಅಧಿಕಾರಿಗಳಿಗೆ,
ಯಲ್ದೂರಿನಿಂದ, ೧೯೮೭

ಮಾನ್ಯರೇ,

ಹೆರಿಗೆ ನೋವು ಶುರುವಾದ ಹೆಂಗಸನ್ನು ಅರ್ಧಕ್ಕೇ ಬಿಟ್ಟು ಯಾರಾದರೂ ಜೀಪು ಹತ್ತುತ್ತಾರೆಯೇ? ಕಳೆದ ಶನಿವಾರ ನಮ್ಮೂರ ಟೆಂಟಿನಲ್ಲಿ ತಾವು ಮಾಡಿದ್ದು ಅದನ್ನೇ. ಮುನ್ನೂರು ಜನರ ಎದುರು ಸಿನಿಮಾ ನಿಲ್ಲಿಸಿ, ಉಳಿದ ನಾಲ್ಕು ರೀಲುಗಳ ಡಬ್ಬಕ್ಕೆ ಅರಗು ಒತ್ತಿ ಕೊಂಡೊಯ್ದಿರಿ. ಈ ಭಾನುವಾರ ಟೆಂಟು ಬೇರೆ ಊರಿಗೆ ಹೋಗುತ್ತದೆ. ಆಮೇಲೆ ಕಥೆಯ ಕೊನೆಯನ್ನು ನಾವು ಯಾರ ಹತ್ತಿರ ಕೇಳಬೇಕು?

ತಾವು ಕೊಟ್ಟ ಕಾರಣವಂತೂ ಚಿನ್ನದ ಚೌಕಟ್ಟು ಹಾಕಿಸುವಂಥದ್ದು. ಚಿತ್ರದಲ್ಲಿ ಇಡ್ಲಿ ಮಾರುವ ಹೆಂಗಸಿಗೆ ಆಗಲೇ ಎರಡು ಮಕ್ಕಳು. ಮಕ್ಕಳಾಗದ ಲೆಕ್ಚರರಮ್ಮನ ಮಗುವನ್ನು ತನ್ನ ಹೊಟ್ಟೆಯಲ್ಲಿ ಹೊತ್ತು ಹೆತ್ತುಕೊಡಲು ಅವಳು ಒಪ್ಪುತ್ತಾಳೆ. ಡಾಕ್ಟರು ಗಾಜಿನ ಕೊಳವೆ ಹಿಡಿದು ಅದನ್ನು ಹೇಗೋ ಸಾಧಿಸುತ್ತಾರೆ. ತಾವು ಎದ್ದು ನಿಂತು, "ಇದು ಮೂರನೇ ಮಗು! ಕುಟುಂಬ ಯೋಜನೆಗೆ ವಿರುದ್ಧ!" ಎಂದು ಘೋಷಿಸಿದಿರಿ. ಆಹಾ, ಎಂಥ ಸೂಕ್ಷ್ಮ ದೃಷ್ಟಿ! ಪರದೆಯ ಮೇಲಿನ ಹೆಂಗಸಿಗೆ ಆಪರೇಷನ್ ಮಾಡಿಸಲು ಯಾವ ನರ್ಸನ್ನು ಕಳಿಸುತ್ತೀರಿ? ಖಳನಾಯಕನನ್ನು ಹಿಡಿಯಲು ಪ್ರತಿ ಆಟಕ್ಕೂ ಪೊಲೀಸರು ಬರಬೇಡವೇ?

ಅಂದು ನನ್ನ ಪಕ್ಕದಲ್ಲಿದ್ದವಳು ದೊಡ್ಡಮುನಿಯಮ್ಮ. ಎದುರುಮನೆಯವಳು, ರೇಷ್ಮೆ ಹುಳು ಸಾಕುತ್ತಾಳೆ. ನಾನು ಮುಳಬಾಗಿಲಿನಿಂದ ಬಂದ ಪೋಸ್ಟ್ ಮಾಸ್ಟರ ಹೆಂಡತಿ. ಎಂಟು ವರ್ಷಗಳಲ್ಲಿ ನಾವು ಮಾತಾಡಿದ್ದೆಲ್ಲ ಅವಳ ಹುಳುವಿನ ಕಸ ನನ್ನ ರಂಗೋಲಿಯ ಮೇಲೆ ಬಿದ್ದ ವಿಚಾರವೊಂದೇ, ಅದೂ ಕಿರುಚಿಕೊಂಡು. ಅಂದು ಜಾಗವಿಲ್ಲದೆ ಒಂದೇ ಚಾಪೆಗೆ ಬಂದೆವು. ಚಿತ್ರದಲ್ಲಿ ತನ್ನ ಅತ್ತೆಗೆ ಅನುಮಾನ ಬಾರದಿರಲೆಂದು ಲೆಕ್ಚರರಮ್ಮ ಹೊಟ್ಟೆಗೆ ಕಟ್ಟಿಕೊಂಡಿದ್ದ ದಿಂಬು ಸಂತೆಯಲ್ಲಿ ಜಾರಿ ಬಿದ್ದಾಗ, ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕೆವು. ನನಗೆ ಮಕ್ಕಳಿಲ್ಲ, ಮಾನ್ಯರೇ. ಆ ವಿಷಯಕ್ಕೆ ನಾನು ನಕ್ಕಿದ್ದು ಅದೇ ಮೊದಲು. ದೊಡ್ಡಮುನಿಯಮ್ಮ ಕಣ್ಣೊರೆಸಿಕೊಂಡು, "ಅಮ್ಮೋ, ಹಿಂಗೊಂದು ದಾರಿ ಐತೆ ಅಂತ ಆವಾಗ್ಲೇ ಗೊತ್ತಿದ್ರೆ ನಾನೇ ಒಂದು ಹೆತ್ತು ಕೊಡ್ತಿದ್ನಲ್ಲಮ್ಮ. ಐದು ಹೆತ್ತೋಳಿಗೆ ಆರನೇದೊಂದು ಭಾರಾನಾ?" ಎಂದಳು. ನನಗೆ ಅಳು ಬಂತು, ನಗುವೂ ನಿಲ್ಲಲಿಲ್ಲ. ಅತ್ತ ಪರದೆಯ ಮೇಲೆ ಇಡ್ಲಿಯವಳಿಗೆ ನೋವು ಶುರುವಾಯಿತು, ಆಗಲೇ ತಾವು ದೀಪ ಹಾಕಿಸಿದ್ದು.

ಅವಳು ತಮ್ಮನ್ನು ಕೇಳಿದ್ದು ನೆನಪಿರಬೇಕು. "ಏಂ ಸಾರ್, ರೇಷ್ಮೆ ಮೊಟ್ಟೆ ಯಾರದೋ. ಮರಿ ಹುಳಾನ ಎರಡು ಸಲ ಪೊರೆ ಬಿಡೋಗಂಟ ಸಾಕೋಳು ನಾನು. ಗೂಡು ಕಟ್ಟೋದು ಸುಗಟೂರೋರ ಮನ್ಯಾಗೆ. ಅದನ್ನೂ ನಿಲ್ಲಿಸ್ತೀರಾ?" ತಾವು "ಕೂತ್ಕೊಳ್ಳಮ್ಮ" ಎಂದಿರಿ. ಅವಳು ಕೂರಲಿಲ್ಲ, ತಾವೇ ಹೊರಟಿರಿ.

ಅಂದಿನಿಂದ ದಿನಾ ಸಂಜೆ ಅವಳು ನಮ್ಮ ಜಗಲಿಗೆ ಬರುತ್ತಾಳೆ. ಮಾತು ಕೊಟ್ಟಮೇಲೆ ಮಗುವನ್ನು ಕೊಟ್ಟೇಬಿಡಬೇಕು ಎನ್ನುವುದು ಅವಳ ವಾದ. ಹೆತ್ತವಳಿಗೆ ಕೊಡಲು ಮನಸ್ಸು ಬರುವುದುಂಟೇ ಎನ್ನುವುದು ನನ್ನದು. ನಮ್ಮ ಯಜಮಾನರು ಪಾಪ, ತಾವೇ ಸಾರು ಮಾಡಿಕೊಂಡು ನಮಗೂ ಬಡಿಸುತ್ತಿದ್ದಾರೆ. ಆದರೆ ನಿಜ ಹೇಳುತ್ತೇನೆ, ಮಗು ಯಾರ ಕೈಗಾದರೂ ಹೋಗಲಿ. ಕೆಲಸ ಮುಗಿದ ಮೇಲೆ ಆ ಇಬ್ಬರು ಹೆಂಗಸರು ಒಬ್ಬರ ಮನೆಗೊಬ್ಬರು ಹೋಗಿ ಬರುತ್ತಿದ್ದರೇ, ಇಲ್ಲವೇ? ನನಗೆ ಅದು ತಿಳಿಯಲೇಬೇಕು. ನಲವತ್ತಾರು ವಯಸ್ಸಿಗೆ ನನಗೆ ಸಿಕ್ಕ ಗೆಳತಿ ಇವಳೊಬ್ಬಳೇ.

ಆದ್ದರಿಂದ ಭಾನುವಾರದೊಳಗೆ ಆ ನಾಲ್ಕು ರೀಲು ಟೆಂಟಿಗೆ ವಾಪಸು ಬರಬೇಕು. ಬಾರದಿದ್ದರೆ ಸೋಮವಾರ ನಾವಿಬ್ಬರೂ ತಮ್ಮ ಕಚೇರಿಗೆ ಬಂದು ಉಳಿದ ಕಥೆಯನ್ನು ಆಡಿ ತೋರಿಸುತ್ತೇವೆ. ಹೆರಿಗೆಯ ಭಾಗ ದೊಡ್ಡಮುನಿಯಮ್ಮನದು. ಅವಳ ಗಂಟಲು ಎಂಥದೆಂದು ತಾವು ಕೇಳಿದ್ದೀರಿ.

ಇಂತಿ, ಹೆರಿಗೆ ಕೋಣೆಯ ಬಾಗಿಲಲ್ಲೇ ನಿಂತಿರುವ
ಅನಂತಲಕ್ಷ್ಮಿ

ಹೆಬ್ಬೆಟ್ಟಿನ ಗುರುತು: ದೊಡ್ಡಮುನಿಯಮ್ಮ
(ಅವಳಿಗೆ ಸಹಿ ಹಾಕಲು ಬರುತ್ತದೆ. ತಮಗೆ ಇಷ್ಟು ಸಾಕಂತೆ.)