ಪೂರಾ ಕೇಳದ ಹಾಡುಗಳು

ಜೂನ್ ೯, ಸೋಮವಾರ. ಬೆಳಿಗ್ಗೆ ೮:೪೦

ಬಾಗೇವಾಡಿ ಬಸ್ ಸ್ಟ್ಯಾಂಡ್. ಸಾಲಿಗೆ ಹೋಗೂ ಗೊಳಸಂಗಿ ಬಸ್ ಇನ್ನೂ ಬಂದಿಲ್ಲ. ಕಿವ್ಯಾಗ ಇಯರ್‌ಫೋನ್. ಒಂದು ಹಾಡು ಹಚ್ಚಿದೆ, ಅರ್ಧಕ್ಕ ತಗದೆ. ಇನ್ನೊಂದು. ಅದೂ ಅರ್ಧಕ್ಕ. ಫೋನಿನ್ಯಾಗ ಅರವತ್ತೊಂದು ಹಾಡು ಕೂಡಿಸೇನಿ — ಎಲ್ಲಾ ದುಃಖದ್ದ. ಒಂದೂ ಪೂರಾ ಕೇಳಾಕ ಆಗವಲ್ದು. ಅಳೂನೂ ಬರವಲ್ದು. ಈ ತುದಿಯಿಂದ ಆ ತುದಿಗೆ ನಾಕು ಸಲ ಅಡ್ಡಾಡಿದೆ. ಕುಂತ ಮಂದಿ ನೋಡಾಕತ್ತಾರ. ನೋಡ್ಲಿ.

ಏಪ್ರಿಲ್ ಹದಿನೇಳಕ್ಕ ಕೂಸು ಹೊಟ್ಟ್ಯಾಗ ಹೋತು. ಏಳನೇ ತಿಂಗಳು. ಹೆಣ್ಣು — ಇಷ್ಟ ಗೊತ್ತು. ಆಪರೇಶನ್ ಆಗಿ ನನಗ ಎಚ್ಚರ ಬರೂದ್ರಾಗ ಮಣ್ಣು ಮಾಡಿ ಬಂದಿದ್ರು. "ನೋಡಿದ್ರ ಮರಿಯಾಕ ಆಗಾಂಗಿಲ್ಲವ್ವಾ" ಅಂದ್ರು ಅತ್ತೆವ್ರು.

ಯಾವ ಮುಖಾ ಮರೀಲಿ?

ಜೂನ್ ೧೧, ಬುಧವಾರ

ರೊಟ್ಟಿ ಬಡಿಯುವಾಗ ಫೋನ್ ಹಚ್ಚಿದ್ದೆ. ಅತ್ತೆವ್ರು, "ಬೆಳಗಾಗೆದ್ದು ಸತ್ತವರ ಹಾಡು ಹಚ್ತೀಯಲ್ಲವ್ವಾ, ಮನಿಗೆ ಛಲೋ ಅಲ್ಲ. ಭಜನಿ ಕೇಳು." ಕೆಟ್ಟವ್ರಲ್ಲ ದುರ್ಗವ್ವ. ನಾ ಉಣ್ಣಲಿಲ್ಲಂದ್ರ ತಾವೂ ಉಣ್ಣಾಂಗಿಲ್ಲ.

ಇವ್ರು ರೊಟ್ಟಿ ತಿಂದು ಎದ್ದು ಹೋದ್ರು. ಏಪ್ರಿಲ್‌ನಿಂದ ಏನೂ ಅಂತಿಲ್ಲ. ಬಸ್ ಡಿಪೋ, ಊಟ, ನಿದ್ದಿ. ಮುತ್ತುರಾಜ ಅಂದ್ರ ಭಾರಿ ಮಾತಿನ ಮನಷ್ಯಾ ಅಂತ ಮದುವ್ಯಾಗ ಎಲ್ಲಾರೂ ನಗ್ತಿದ್ರು.

ಜೂನ್ ೧೨

ಹಾಡು ಇಲ್ಲ. ಅರವತ್ತೊಂದೂ ಹೋಗ್ಯಾವ.

"ನೀವ ತಗದ್ರೇನು?" ಇವ್ರನ್ನ ಕೇಳಿದೆ.

"ಹೂಂ."

"ಯಾಕ್ರಿ?"

"ನಿನಗ ಛಲೋ ಆಗ್ಲೆಂತ."

ಸಿಟ್ಟು ನೆತ್ತಿಗೇರಿತು. ಮಡಚಿಟ್ಟ ಅರಬಿ ಎಲ್ಲಾ ಕೆಡವಿ ಮತ್ತ ಮಡಚಿದೆ. ಎರಡು ಸಲ.

ಜೂನ್ ೨೬, ಗುರುವಾರ

ಎರಡು ವಾರ ಬರೀಲಿಲ್ಲ. ಏನ್ ಬರೀಲಿ... ಸಿಂದಗಿಯಿಂದ ಅವ್ವ ಫೋನ್ ಮಾಡ್ತಾಳ. "ಛಲೋ ಅದಿ?" "ಅದೀನಿ." ಮುಗೀತು.

ಇವತ್ತು ಮೂರನೇತ್ತೆ ಕ್ಲಾಸಿನ್ಯಾಗ ಪದ್ಯ ಓದಿಸ್ತಾ ಓದಿಸ್ತಾ ನಿಂತ್ಬಿಟ್ಟೆ. ಎಷ್ಟೊತ್ತು ನಿಂತಿದ್ನೋ. ಬಾಜೂ ಕ್ಲಾಸಿನ ಶಬಾನಾ ಟೀಚರ್ ಬಂದು ಮಕ್ಕಳ್ನ ಆಟಕ್ಕ ಬಿಟ್ರು. ಗೊಳಸಂಗಿಯವ್ರ ಆಕಿ. ಸ್ಟಾಫ್ ರೂಮಿನ್ಯಾಗ ಚಾ ಕೊಟ್ಟು, "ಕೋಮಲಾ ಟೀಚರ್, ನಾಳಿಂದ ನಮ್ಮ ಮೊಹರಂ ಶುರು. ಅಮಸಿದ್ದ ಮುತ್ಯಾ ರಿವಾಯತ ಪದ ಹಾಡ್ತಾನ, ಮಸೂತಿ ಕಟ್ಟಿ ಮ್ಯಾಲ. ಕರ್ಬಲಾದಾಗ ಸತ್ತವ್ರ ಪದ. ಎಲ್ಲಾ ಕನ್ನಡದಾಗ. ಸಾಲಿ ಬಿಟ್ಟ ಮ್ಯಾಲ ಒಂದಿನ ಬರ್ರಿ."

"ಮನ್ಯಾಗ ಬೈತಾರ್ರಿ."

"ಅಳಾಕ ಪರ್ಮಿಶನ್ ಬೇಕೇನ್ರಿ?"

ಜುಲೈ ೧, ಮಂಗಳವಾರ. ಸಂಜಿ ೭

ಹೋಗಿದ್ದೆ. ಐದಾರು ಮಂದಿ ದುಂಡಗ ನಿಂತಿದ್ರು. ನಡಕ ಅಮಸಿದ್ದ ಮುತ್ಯಾ — ಕುರುಬರಾಂವ, ಹೆಗಲ ಮ್ಯಾಲ ಕಂಬಳಿ. ಪೇಟಿ ಇಲ್ಲ, ತಬಲಾ ಇಲ್ಲ. ಬರೇ ದನಿ. ಪದದಾಗ ನೀರಡಿಸಿದ ಕೂಸಿನ ಎತ್ಗೊಂಡು ಅಪ್ಪ ಹೊಂಟಾನ. ನೀರ ಬದಲಿ ಬಾಣ ಬಂತು, ಕೂಸು ಕೈಯಾಗ ಹೋತು. ಈಗ ತಿರುಗಿ ಡೇರೆಕ್ಕ ಬರಬೇಕು. ಬಾಗಲದಾಗ ಅವ್ವ ನಿಂತಾಳ. ನಾಕು ಹೆಜ್ಜಿ ಮುಂದ ಬರ್ತಾನ, ನಾಕು ಹೆಜ್ಜಿ ಹಿಂದ ಹೋಗ್ತಾನ...

ಎದ್ದೆ. ಚಪ್ಲಿ ಹಾಕ್ಕೊಳ್ಳಾಕತ್ತಿದ್ದೆ.

ಮುತ್ಯಾ ಹಾಡು ನಿಲ್ಲಿಸಿದ. "ಕುಂದ್ರ ತಂಗಿ. ನಡಬರಕ ಏಳಬ್ಯಾಡ. ಆ ತಾಯಿಗೆ ಇನ್ನೂ ಕೂಸಿನ ತೋರಿಸಿಲ್ಲ."

ಆಂವಗ ನನ್ನ ಸುದ್ದಿ ಗೊತ್ತಿಲ್ಲ. ಶಬಾನಾ ಹೇಳಿಲ್ಲಂತ, ಆಣಿ ಮಾಡಿದ್ರು.

ಕುಂತೆ. ಅಪ್ಪ ತೋರಿಸಿದ. ಎಪ್ಪತ್ತೈದು ದಿನದ ಅಳು ಒಮ್ಮೆಲೇ ಬಂತು. ಶಬಾನಾ ನನ್ನ ತೆಲಿ ತಮ್ಮ ತೊಡಿ ಮ್ಯಾಲ ಇಟ್ಗೊಂಡ್ರು. ಪದ ಮುಗಿಯೂತನಕ ಯಾರೂ ಸುಮ್ನಿರು ಅನ್ನಲಿಲ್ಲ.

ಜುಲೈ ೨

ಇವ್ರು ಹಿತ್ತಲ ನಳದಾಗ ಕೈಯಾನ ಗ್ರೀಸ್ ತೊಳಕೊಳ್ಳಾಕತ್ತಿದ್ರು. ಹೋಗಿ ಕೇಳಿದೆ — "ಮುಖಾ ಹೆಂಗಿತ್ರಿ?"

ಕೈ ತೊಳದ ತೊಳದ್ರು.

"ಅವ್ವ ಹೇಳಬ್ಯಾಡಂದಾಳ."

"ಹಡದಾಕಿ ನಾ. ನನ್ನ ಯಾರು ಕೇಳಿದ್ರಿ?"

ನಳ ಹಂಗ ಬಿಟ್ಟು, ಗಾಡಿ ತಗೊಂಡು ಹೋದ್ರು. ಅತ್ತೆವ್ರು ಬಾಗಲದಾಗ ನಿಂತಿದ್ರು. ಎಲ್ಲಾ ಕೇಳ್ಯಾರ. ಬಂದು ನಳ ಬಂದ್ ಮಾಡಿದ್ರು.

ಜುಲೈ ೬, ರವಿವಾರ. ಮುಂಜಾನಿ

ಚಾ ಕುಡಿಯುವಾಗ ಅತ್ತೆವ್ರ ತಾವಾಗೇ ಬಾಯಿ ತಗದ್ರು. "ಹೇಳೋ ಮುತ್ತು. ತಪ್ಪ ನಂದ ಐತಿ. ಈಕಿಗೆ ಛಲೋ ಆಗ್ತೈತಿ ಅಂದ್ಕೊಂಡೆ. ನಾನೂ ಎತ್ಗೊಂಡೆ, ನೀನೂ ಎತ್ಗೊಂಡಿ. ಆಕಿಗಷ್ಟ ಇಲ್ಲ."

ಇವ್ರು ಕಪ್ ಕೆಳಗ ಇಟ್ರು. ನನ್ನ ನೋಡಲಿಲ್ಲ, ಅಂಗಳ ನೋಡಿದ್ರು. "ಕೂದಲ ಭಾಳ ಇದ್ವು. ಹಸಿ. ಹಣಿಗೆ ಅಂಟಿದ್ವು. ನಾ ಸರಿಸಿದೆ." ಆಮ್ಯಾಲ, "ಅಂಗೈಯಾಗ ನನ್ನ ಬೆರಳ ಇಟ್ಟೆ. ಹಿಡೀತೈತೇನಂತ... ದಿನಾ ನಿನ್ನ ಮುಂದ ಹೇಳಬೇಕಂತ ಬರ್ತಿದ್ದೆ ಕೋಮಲಾ. ನಿನ್ನ ಮಾರಿ ನೋಡಿದ ಕೂಡ್ಲೇ ಬಾಗಲದಿಂದ ತಿರುಗಿ ಹೋಗಿಬಿಡ್ತಿದ್ದೆ."

ಅತ್ವಿ. ಮೂರೂ ಮಂದಿ.

ಮರೆಯೂದ್ರಾಗ ಎಲ್ಲಾ ಬರೀತೇನಿ. ಕೂದಲ ಭಾಳ. ಕಿವಿ ಸಣ್ಣವು. ಮೂಗು ಅತ್ತೆವ್ರದು. ಬಾಯಿ ನಂದಂತ. ಗದ್ದದ ಮ್ಯಾಲ ಸಣ್ಣ ಗುಣಿ. ಎಡಗಾಲಿನ ಸಣ್ಣ ಬೆರಳು ಬಾಜೂ ಬೆರಳಿನ ಮ್ಯಾಲ ಏರಿ —

ಇವ್ರು ಕರ್ಯಾಕತ್ತಾರ. ಇನ್ನೂ ಏನೋ ನೆನಪಾತಂತ...