ಪಂದ್ಯಕ್ಕೆ ಸುಲಿದ ಮುಖ

ಮಗಳೇ,

ಈ ಊರಿನ ಪತ್ರಿಕೆಗಳೆಲ್ಲ ನನ್ನ ಮುಖದಿಂದಲೇ ನಡೆಯುತ್ತಿವೆ, ನಿನಗೇ ಗೊತ್ತು. ನಿನ್ನ ವ್ಯಂಗ್ಯಚಿತ್ರವನ್ನು ಸಂಪಾದಕರಿಗೆ ಕೊಡಲು ಹೊರಟವನು, ಕಚೇರಿಯ ಕೆಳಗಿನ ಟೈಲರ್ ಅಂಗಡಿಯಲ್ಲಿ ಒಂದು ಗಳಿಗೆ ಕೂತೆ. ಹಳೇ ಚಿತ್ರದ ಮೇಲೆ ಬಿಳಿ ಕಾಗದ ಅಂಟಿಸಿ ಮಂತ್ರಿಯ ಮುಖ ಬರೆದಿದ್ದೀಯಲ್ಲ, ಅದರಡಿ ಇರುವುದು ನನ್ನ ಮುಖ ಎಂದು ಟೈಲರಿಗೆ ಹೇಳಿದೆ.

"ಅಣ್ಣಾ, ನಿಮ್ಮ ಮುಖ ಯಾರು ಬರೀತಾರೆ? ಕಟ್ಟಿ ಪಂದ್ಯ!" ಎಂದ ಟೈಲರ್.

ಕಟ್ಟಿದೆ. ಇಸ್ತ್ರಿಪೆಟ್ಟಿಗೆಯ ಹಬೆ ಹಿಡಿದು ಸುಲಿದೆ. ಕೆಳಗೆ ಇನ್ನೊಂದು ಮುಖ, ಅದರ ಕೆಳಗೆ ಮತ್ತೊಂದು. ಕೊನೆಗೆ ಸಿಕ್ಕವನು ನಮ್ಮ ಹಾಲಿನವನು! ದಿನಾ ಎದುರಿಗೇ ಕೂರುವ ಚಿಕ್ಕಪ್ಪ ಒಂದು ಸಲವೂ ಕಣ್ಣಿಗೆ ಬೀಳಲಿಲ್ಲವೇ?

ಮಂತ್ರಿಯ ಮೂಗು ಹರಿದಿದೆ. ಸಂಪಾದಕರು ಮೆಟ್ಟಿಲಿಂದಲೇ, "ಐದಕ್ಕೆ ಪುಟ ಮುಗಿಸ್ತೀವಿ. ಚಿತ್ರ ಬರದಿದ್ರೆ ನಾಳೆಯಿಂದ ಆ ಜಾಗ ಬೇರೆಯವರಿಗೆ" ಎಂದರು. "ಬಂದೇಬಿಟ್ಟೆ" ಎಂದೆ. ಈಗ ನಾಲ್ಕಾಗಿದೆ. ಕುಂಚ, ಶಾಯಿ, ಗೋಂದು ಹಿಡಿದು, ಪತ್ರ ತಂದ ಟೈಲರನ ಸೈಕಲ್ ಹಿಂದೆ ಕೂತು ಬಾ. ಬೈಗುಳ ಆಮೇಲಿರಲಿ.

ಇತಿ,
ಚಿತ್ರ ಮಡಿಲಲ್ಲಿಟ್ಟುಕೊಂಡು ಕೂತಿರುವ
ನಿನ್ನ ಚಿಕ್ಕಪ್ಪ

ಮರೆತಿದ್ದೆ: ಪಂದ್ಯದಲ್ಲಿ ಹೋದದ್ದು ಐವತ್ತು ರೂಪಾಯಿ ಎಂದು ಟೈಲರ್ ಹೇಳುತ್ತಾನೆ. ಹಾಗೆ ಹೇಳಿಕೊಟ್ಟವನು ನಾನೇ. ಹೊಸ ಕಾಗದಕ್ಕೆಂದು ನೀನು ಕೊಟ್ಟಿದ್ದ ಎಂಟುನೂರೂ ಹೋಯಿತು.